ರೊಟ್ಟಿ ಗಿರಾಕಿಗಳಿಗೆ ವಾಟ್ಸಾಪ್ ಗ್ರೂಪೋ, ಬ್ರಾಡ್‌ಕಾಸ್ಟ್ ಲಿಸ್ಟೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬ್ರಾಡ್‌ಕಾಸ್ಟ್ ಲಿಸ್ಟಿಗೆ, ಅಂದರೆ ಒಂದೇ ಮೆಸೇಜನ್ನು ಬಹಳ ಜನರಿಗೆ ಒಮ್ಮೆಗೇ ಕಳಿಸುವ ಪಟ್ಟಿಗೆ. ಎಳ್ಳ ಅಮಾವಾಸ್ಯೆಗೆ ಅದರಿಂದಲೇ ಪೆಟ್ಟು ತಿಂದೆ, ಆದರೂ ಅದೇ.

ಧಾರವಾಡದ ಮಾಳಮಡ್ಡಿಯಲ್ಲಿ ಮನೆಯಿಂದಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾರುತ್ತೇನೆ. ಮೊದಲು ವಾಟ್ಸಾಪ್ ಗ್ರೂಪ್ ಮಾಡಿದ್ದೆ. ಮೂರೇ ದಿನಕ್ಕೆ ಗುಡ್ ಮಾರ್ನಿಂಗ್ ಹೂವು ಶುರುವಾದವು. ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಬದಲಿಸಿದೆ, ಹೂವು ನಿಂತವು. ಆದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದಲ್ಲ? ಗ್ರೂಪಿನಲ್ಲೇ ಇದ್ದ ಒಬ್ಬರು ಒಂದೊಂದೇ ನಂಬರಿಗೆ ಫೋನ್ ಹಚ್ಚಿ, "ನಾನೂ ರೊಟ್ಟಿ ಬಡಿತೀನ್ರಿ, ಒಂದು ರೂಪಾಯಿ ಕಡಿಮಿ" ಅಂದರಂತೆ. ಅವತ್ತೇ ಗ್ರೂಪ್ ಮುಚ್ಚಿದೆ.

ಬ್ರಾಡ್‌ಕಾಸ್ಟಿನಲ್ಲಿ ಆ ತಂಟೆ ಇಲ್ಲ. ಒಂದು ಲಿಸ್ಟಿಗೆ 256 ಜನ. ಅವರವರಿಗೆ ಬೇರೆ ಬೇರೆಯಾಗಿ ಹೋಗುತ್ತದೆ, ಉತ್ತರ ನನಗೊಬ್ಬಳಿಗೇ ಬರುತ್ತದೆ.

ಕಿರಿಕಿರಿ ಒಂದೇ. ನಮ್ಮ ನಂಬರ್ ಅವರ ಫೋನಿನಲ್ಲಿ ಸೇವ್ ಆಗಿರದಿದ್ದರೆ ಮೆಸೇಜ್ ಮುಟ್ಟುವುದೇ ಇಲ್ಲ. ಅವರದನ್ನು ನಾವು ಸೇವ್ ಮಾಡಿಕೊಂಡರೆ ಸಾಲದು. ಇದು ನನಗೆ ಗೊತ್ತಿರಲಿಲ್ಲ, ತಪ್ಪು ನನ್ನದೇ. ಅಮಾವಾಸ್ಯೆಗೆ ಸಜ್ಜಿ ರೊಟ್ಟಿ ಇದೆ ಎಂದು 140 ಜನರಿಗೆ ಕಳಿಸಿ, ಹತ್ತು ಕಿಲೋ ಸಜ್ಜಿ ಬೀಸಿಸಿ, ಬಡಿದು ಒಟ್ಟಿ ಇಟ್ಟೆ. ಬಂದದ್ದು ಒಂಬತ್ತು ಆರ್ಡರ್. ಮೆಸೇಜ್ ಒತ್ತಿ ಹಿಡಿದು ಇನ್ಫೋ ನೋಡಿದರೆ, ಮುಟ್ಟಿದ್ದೇ 41 ಜನರಿಗೆ! ಹೊಲದಲ್ಲಿ ಚರಗ (ಭೂತಾಯಿಗೆ ಅರ್ಪಿಸುವ ಊಟ) ಚೆಲ್ಲಿ ಬಂದ ಮೇಲೆ ಒಬ್ಬರು ಕೇಳಿದರು, "ಅಕ್ಕಾರ, ಈ ಸಲ ಸಜ್ಜಿ ರೊಟ್ಟಿ ಮಾಡಲಿಲ್ಲೇನ್ರಿ?" ಸಂಕ್ರಾಂತಿ ತನಕ ನಮ್ಮ ಮನೆಯಲ್ಲಿ ಅದೇ ಊಟ.

ಆಮೇಲೆ ಪ್ಯಾಕೆಟ್ ಜೊತೆ "ನಂಬರ್ ಸೇವ್ ಮಾಡ್ಕೊಳ್ರಿ" ಅಂತ ಚೀಟಿ ಇಟ್ಟೆ. ಚೀಟಿ ಓದುವವರು ಯಾರು? ಕಡೆಗೆ ರೊಟ್ಟಿ ಒಯ್ಯಲು ಬಂದವರ ಫೋನ್ ಇಸಿದುಕೊಂಡು ನಾನೇ 'ರೊಟ್ಟಿ ಅಕ್ಕ' ಅಂತ ಸೇವ್ ಮಾಡಿ ಕೊಡತೊಡಗಿದೆ. ಒಬ್ಬ ಕಾಕಾ "ಸೇವ್ ಮಾಡೇನಲ್ರಿ" ಎಂದು ವಾದಕ್ಕೇ ನಿಂತರು. ಮಾಡಿದ್ದು ಕಾಕೂ ಫೋನಿನಲ್ಲಿ.

ವ್ಯಾಪಾರದವರ ಆ್ಯಪ್ ವಾಟ್ಸಾಪ್ ಬಿಸಿನೆಸ್‌ನಲ್ಲಿ ಗಿರಾಕಿಗಳ ಚಾಟಿಗೆ ಹಚ್ಚುವ ಲೇಬಲ್ ಕೂಡ ನೋಡಿದೆ. 'ಬಾಕಿ' ಅಂತ ಹಚ್ಚಿದರೆ ಉದ್ರಿ ಯಾರದು ಅಂತ ಕಣ್ಣಿಗೆ ಬೀಳುತ್ತದೆ. ಗಿರಾಕಿಗೆ ಕಾಣುವುದಿಲ್ಲ, ಪುಣ್ಯ.

ಈಗ ಎರಡು ಲಿಸ್ಟ್ ಇವೆ: ಧಾರವಾಡ, ಹುಬ್ಬಳ್ಳಿ. ಹುಬ್ಬಳ್ಳಿಗೆ ಗುರುವಾರ ಮಾತ್ರ, ಮಗ ಚಿಗರಿ ಬಸ್ಸಿನಲ್ಲಿ ಒಯ್ಯುತ್ತಾನೆ. ಜಾಸ್ತಿ ಗಿರಾಕಿ ಇರುವವರು ಗ್ರೂಪ್ ಮಾಡಿಕೊಳ್ಳಲಿ, 1024 ಜನ ಹಿಡಿಯುತ್ತಾರೆ. ನನ್ನ ರಟ್ಟೆಗೆ ದಿನಕ್ಕೆ ಇನ್ನೂರು ರೊಟ್ಟಿಯೇ ಹೆಚ್ಚು.