ನಾನು ಬರೆದುಕೊಟ್ಟ ಕಿಲ್ಟ್ ಗಾರ್ಟರ್ ಅಳತೆ ತಪ್ಪು, ದಯವಿಟ್ಟು ಬಳಸಬೇಡಿ

ಗಣೇಶ ಹಬ್ಬಕ್ಕೆ ಗ್ಲಾಸ್ಗೋದಲ್ಲಿ ಸೇರಿದ್ದಾಗ ನಾನು ಹೊಲಿದುಕೊಂಡಿದ್ದ ಗಾರ್ಟರ್ ಮತ್ತು ಫ್ಲ್ಯಾಷ್ ನೋಡಿ ನಾಲ್ಕೈದು ಜನ ಅಳತೆ ಕೇಳಿದ್ದಿರಿ. ಚೀಟಿಯಲ್ಲಿ ಬರೆದುಕೊಟ್ಟಿದ್ದೆ: ಎಲಾಸ್ಟಿಕ್ 30 ಸೆಂಟಿಮೀಟರ್, ಎರಡು ಪದರ, ಬಕಲ್ ಹೊರಮಗ್ಗುಲಿಗೆ. ಆ ಚೀಟಿ ಇನ್ನೂ ಇದ್ದರೆ ಹರಿದು ಹಾಕಿ. ಅದೇ ಅಳತೆಯ ಗಾರ್ಟರ್ ಹಾಕಿಕೊಂಡು ನನ್ನ ಎಡಪಾದ ಏಳು ವಾರ ಸರಿಯಾಗಿ ಮೇಲಕ್ಕೆ ಏಳಲಿಲ್ಲ. ಜನವರಿ 25ಕ್ಕೆ ಬರ್ನ್ಸ್ ಸಪ್ಪರ್, ಅಂದರೆ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ನೆನಪಿನ ಔತಣ, ಬರುತ್ತಿದೆ, ತುಂಬಾ ಜನ ಕಿಲ್ಟ್ ಉಡುತ್ತೀರಿ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಕಿಲ್ಟ್ ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಮಂಡಿಯವರೆಗಿನ ನಿರಿಗೆ ಉಡುಪು. ಕಿಲ್ಟ್ ಜೊತೆ ಹಾಕುವ ಉದ್ದನೆಯ ಉಣ್ಣೆ ಕಾಲುಚೀಲಕ್ಕೆ ಹೋಸ್ ಅನ್ನುತ್ತಾರೆ. ಅದು ಜಾರದ ಹಾಗೆ ಮಂಡಿಯ ಕೆಳಗೆ ಕಟ್ಟುವ ಪಟ್ಟಿಯೇ ಗಾರ್ಟರ್. ಹೋಸ್‌ನ ಮೇಲಂಚನ್ನು ಅದರ ಮೇಲೆ ಮಡಚುತ್ತಾರೆ, ಪಟ್ಟಿ ಕಾಣುವುದಿಲ್ಲ. ಮಡಿಕೆಯ ಕೆಳಗಿನಿಂದ ಹೊರಮಗ್ಗುಲಲ್ಲಿ ಇಣುಕುವ ಎರಡು ಬಣ್ಣದ ಬಟ್ಟೆ ತುಂಡುಗಳೇ ಫ್ಲ್ಯಾಷ್. ಹಿಂದೆ ಎಲಾಸ್ಟಿಕ್ ಎಲ್ಲಿತ್ತು? ನೇಯ್ದ ಉಣ್ಣೆ ಲಾಡಿಯನ್ನು ಕಾಲಿಗೆ ಸುತ್ತಿ ಗಂಟು ಹಾಕುತ್ತಿದ್ದರು. ಇಳಿಬಿದ್ದ ಲಾಡಿಯ ತುದಿಗಳೇ ಈಗ ಫ್ಲ್ಯಾಷ್ ಆಗಿವೆ.

ನನ್ನದು ಬ್ಲ್ಯಾಕ್ ವಾಚ್ ಅನ್ನುವ ಟಾರ್ಟನ್ನಿನ (ಸ್ಕಾಟ್ಲೆಂಡಿನ ಚೌಕುಳಿ ಬಟ್ಟೆ) ಹಳೇ ಕಿಲ್ಟ್. ಕಡುಹಸಿರು, ನೀಲಿ, ಕಪ್ಪು. ಯಾವ ಸ್ಕಾಟಿಷ್ ಕುಲಕ್ಕೂ ಸೇರದ ನಮ್ಮಂಥವರೂ ಅದನ್ನು ಉಡಬಹುದು. ಕೊಂಡಾಗ ಅದರ ಜೊತೆ ಫ್ಲ್ಯಾಷ್ ಇರಲಿಲ್ಲ. ಕೆಂಪು ಫೆಲ್ಟ್ ಬಟ್ಟೆ, ಒಂದಿಂಚು ಅಗಲದ ಎಲಾಸ್ಟಿಕ್ ತಂದು ಮನೆಯಲ್ಲೇ ಹೊಲಿದೆ. ಅಮ್ಮ ಹೊಲಿಗೆ ಯಂತ್ರ ತುಳಿಯುವುದನ್ನು ನೋಡುತ್ತಾ ಬೆಳೆದವನು ನಾನು, ಹೊಲಿಯುವುದೆಂದರೆ ಈಗಲೂ ಖುಷಿ. ಫ್ಲ್ಯಾಷ್ ತುದಿಯನ್ನು ಮೀನಿನ ಬಾಲದ ಹಾಗೆ ಕತ್ತರಿಸಿದಾಗ ಚೆನ್ನಾಗಿಯೇ ಬಂದಿತ್ತು.

ತಪ್ಪಿದ್ದು ಎಲಾಸ್ಟಿಕ್ ವಿಷಯದಲ್ಲಿ. ಮಂಡಿ ಕೆಳಗೆ ಬರಿಗಾಲಿನ ಸುತ್ತಳತೆ 36 ಸೆಂಟಿಮೀಟರ್ ಇತ್ತು. ನೂರಾರು ಜನರ ಮುಂದೆ ಹೋಸ್ ಜಾರಿದರೆ ಅನ್ನುವ ಭಯ. 30ಕ್ಕೆ ಕತ್ತರಿಸಿದೆ. ಅದೂ ಸಾಲದು ಅನ್ನಿಸಿ ಎರಡು ಪದರ ಸೇರಿಸಿ ಹೊಲಿದೆ. ಹಳೇ ಬ್ಯಾಗಿನ ಲೋಹದ ಬಕಲ್ ಇತ್ತು, ಫ್ಲ್ಯಾಷ್ ಮರೆಯಲ್ಲಿ ಕಾಣದ ಹಾಗೆ ಹೊರಮಗ್ಗುಲಿಗೆ ಕೂರಿಸಿದೆ. ಸಡಿಲ ಮಾಡಲು ದಾರಿಯೇ ಬಿಡಲಿಲ್ಲ. ಹಬ್ಬದ ದಿನ ಅರ್ಧ ಗಂಟೆ ಹಾಕಿ ಫೋಟೋ ತೆಗೆಸಿಕೊಂಡಾಗ ಏನೂ ಆಗಲಿಲ್ಲ. ಆ ಧೈರ್ಯದಲ್ಲೇ ನಿಮಗೂ ಅಳತೆ ಕೊಟ್ಟೆ.

ಸೆಪ್ಟೆಂಬರ್ ಕೊನೆಯಲ್ಲಿ ಸ್ಟರ್ಲಿಂಗ್ ಹತ್ತಿರ ಗೆಳೆಯನ ಮದುವೆ. ಬೆಳಿಗ್ಗೆ 11ಕ್ಕೆ ಗಾರ್ಟರ್ ಹಾಕಿದೆ. ಫೋಟೋ ತೆಗೆಯುವಾಗ ಮಳೆ ಬಂತು, ಫೆಲ್ಟಿನ ಕೆಂಪು ಬಣ್ಣ ಬಿಟ್ಟು ಬಿಳಿ ಹೋಸ್ ಮೇಲೆ ಇಳಿಯಿತು. ಬಟ್ಟೆಯನ್ನು ಮೊದಲೇ ನೆನೆಸಿ ನೋಡಬೇಕಿತ್ತು, ಅಷ್ಟೇ. ಅದು ದೊಡ್ಡ ವಿಷಯ ಅಲ್ಲ.

ಊಟಕ್ಕೆ ಕೂತಾಗ ಎಡಪಾದದ ಮೇಲ್ಭಾಗ ಜೋಮು ಹಿಡಿದ ಹಾಗಾಯಿತು. ನಾನು ಬೈದುಕೊಂಡಿದ್ದು ಶೂವನ್ನು. ಕಿಲ್ಟ್ ಜೊತೆ ಹಾಕುವ ಗಿಲ್ಲಿ ಬ್ರೋಗ್ ಶೂಗೆ ಉದ್ದ ದಾರ, ಅದನ್ನು ಕಣಕಾಲಿನ ಮೇಲೆ ಸುತ್ತಿ ಕಟ್ಟುತ್ತಾರೆ. ದಾರ ಬಿಗಿಯಾಗಿದೆ ಅಂದುಕೊಂಡು ಸಡಿಲ ಮಾಡಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಸಡಿಲ ಮಾಡಿದೆ. ಈ ಜಾಗವನ್ನು ಗಮನವಿಟ್ಟು ಓದಿ. ಒತ್ತುತ್ತಿದ್ದದ್ದು ಮಂಡಿಯ ಕೆಳಗೆ, ಜೋಮು ಹಿಡಿದದ್ದು ಪಾದದಲ್ಲಿ. ಗಾರ್ಟರ್ ಕಟ್ಟಿದ ಜಾಗದಲ್ಲಿ ನೋವೇ ಇರಲಿಲ್ಲ. ಹಾಗಾಗಿ ಗಾರ್ಟರ್ ಮೇಲೆ ಅನುಮಾನ ಬರಲೇ ಇಲ್ಲ. ಸಾಲದ್ದಕ್ಕೆ ಭಾಷಣಗಳು ಮುಗಿಯುವವರೆಗೂ ಎಡಗಾಲನ್ನು ಬಲಗಾಲಿನ ಮೇಲೆ ಹಾಕಿ ಕೂತಿದ್ದೆ.

ಆಮೇಲೆ ಕೇಲಿ, ಅಂದರೆ ಎಲ್ಲರೂ ಸೇರಿ ಕುಣಿಯುವ ಕುಣಿತ. ಸ್ಟ್ರಿಪ್ ದ ವಿಲೋ ಶುರುವಾಯಿತು. ಸಾಲಿನಲ್ಲಿರುವ ಒಬ್ಬೊಬ್ಬರ ಜೊತೆಗೂ ತೋಳು ಸಿಕ್ಕಿಸಿ ಗಿರ್ರನೆ ತಿರುಗುತ್ತಾ ಮುಂದೆ ಹೋಗಬೇಕು. ನನ್ನ ಎಡ ಹೆಬ್ಬೆರಳು ನೆಲಕ್ಕೆ ತಾಗಿ ತಾಗಿ ಎಡವುತ್ತಿತ್ತು. ಹೆಂಡತಿ ಬದಿಗೆ ಕರೆದು, "ರೀ, ಯಾಕ್ರೀ ಎಡಗಾಲು ಹಾಗೆ ಪಟಪಟ ಬಡೀತಿದೀರಾ?" ಅಂದಳು. ಸುಸ್ತು ಅಂದೆ. ರಾತ್ರಿ 12ಕ್ಕೆ ರೂಮಿನಲ್ಲಿ ಬಿಚ್ಚಿ ನೋಡಿದರೆ ಚರ್ಮದಲ್ಲಿ ಆಳವಾದ ಕಾಲುವೆ, ಹೊರಮಗ್ಗುಲಲ್ಲಿ ಬಕಲ್ಲಿನ ಚೌಕಾಕಾರ ಅಚ್ಚಾಗಿಯೇ ಕೂತಿತ್ತು. ಹಿಮ್ಮಡಿ ಊರಿ ಪಾದ ಎತ್ತಲು ನೋಡಿದೆ. ಬಲಗಾಲು ಎದ್ದಿತು, ಎಡಗಾಲು ಏಳಲಿಲ್ಲ. ಆ ಹೊತ್ತಿನಲ್ಲಿ ಆದ ಹೆದರಿಕೆಯನ್ನು ಹೇಳಲು ಬರುವುದಿಲ್ಲ. ಪಾರ್ಶ್ವವಾಯು ಅಂತಲೇ ಅಂದುಕೊಂಡೆ. ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿದೆವು, ಆ ರಾತ್ರಿಯೇ ಆಸ್ಪತ್ರೆಗೆ ಹೋದೆವು.

ಡಾಕ್ಟರ್ ನನ್ನ ಕೈಬೆರಳನ್ನೇ ಹಿಡಿದು ಮಂಡಿಯ ಹೊರಮಗ್ಗುಲಿಗೆ ಒತ್ತಿಸಿದರು. ನೀವೂ ಈಗಲೇ ಮುಟ್ಟಿ ನೋಡಿ. ಮಂಡಿಚಿಪ್ಪಿಗಿಂತ ಸ್ವಲ್ಪ ಕೆಳಗೆ, ಹೊರಗಡೆಗೆ, ಒಂದು ಮೂಳೆಯ ಗುಬ್ಬಿ ಸಿಗುತ್ತದೆ. ಅದು ಫಿಬ್ಯುಲಾ ಮೂಳೆಯ ತಲೆ. ಅದರ ಕೆಳಗಿನ ಕತ್ತಿನ ಸುತ್ತ ಒಂದು ನರ ಬಳಸಿಕೊಂಡು ಮುಂದಕ್ಕೆ ಹೋಗುತ್ತದೆ. ಕಾಮನ್ ಪೆರೋನಿಯಲ್ ನರ ಅಂತ ಹೆಸರು. ಪಾದವನ್ನೂ ಕಾಲ್ಬೆರಳುಗಳನ್ನೂ ಮೇಲಕ್ಕೆತ್ತುವ ಸ್ನಾಯುಗಳಿಗೆ ಹೋಗುವ ನರ ಇದೇ. ಅಲ್ಲಿ ಅದರ ಮೇಲೆ ಮಾಂಸ ಇಲ್ಲ, ತೆಳ್ಳನೆ ಚರ್ಮ ಅಷ್ಟೇ. ಕೆಳಗೆ ಗಟ್ಟಿ ಮೂಳೆ, ಮೇಲೆ ನನ್ನ ಲೋಹದ ಬಕಲ್, ನಡುವೆ 13 ಗಂಟೆ ಸಿಕ್ಕಿಕೊಂಡಿದ್ದ ನರ. ಕಾಲ ಮೇಲೆ ಕಾಲು ಹಾಕಿ ಕೂತರೂ ಇದೇ ನರ ಒತ್ತುತ್ತದೆಯಂತೆ. ಹೀಗೆ ಪಾದ ಜೋಲು ಬೀಳುವುದಕ್ಕೆ ಫುಟ್ ಡ್ರಾಪ್ ಅನ್ನುತ್ತಾರೆ. ಬಿಗಿಯಾದ ಪ್ಲಾಸ್ಟರ್ ಕಟ್ಟಿನಿಂದಲೂ ಆಗುತ್ತದೆ.

ಏಳು ವಾರ ಪಾದಕ್ಕೆ ಆಸರೆ ಪಟ್ಟಿ, ಫಿಸಿಯೋ ಹೇಳಿಕೊಟ್ಟ ವ್ಯಾಯಾಮ. ಕಾರು ಓಡಿಸುವಂತಿರಲಿಲ್ಲ. ಮೆಟ್ಟಿಲು ಹತ್ತುವಾಗ ಪ್ರತಿ ಸಲ ಪಾದವನ್ನು ನೋಡಿಕೊಂಡೇ ಹತ್ತಬೇಕಿತ್ತು. ಮಗಳು ಮುಂದೆ ಓಡಿದರೆ ಹಿಂದೆ ಓಡಲು ಆಗುತ್ತಿರಲಿಲ್ಲ. ನರ ತುಂಡಾಗಿರಲಿಲ್ಲ, ಬರೀ ಒತ್ತಿತ್ತು, ಹಾಗಾಗಿ ಪೂರ್ತಿ ವಾಸಿಯಾಯಿತು. ಎಲ್ಲರಿಗೂ ಇಷ್ಟು ಬೇಗ ಆಗುವುದಿಲ್ಲ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ.

ನಿಜ ಹೇಳಬೇಕೆಂದರೆ ಅಷ್ಟು ಬಿಗಿ ಬೇಕಾಗಿಯೇ ಇರಲಿಲ್ಲ. ಹಳೇ ಕಾಲದಲ್ಲಿ ಹೋಸ್ ಅನ್ನು ಟಾರ್ಟನ್ ಬಟ್ಟೆಯಿಂದಲೇ ಕತ್ತರಿಸಿ ಹೊಲಿಯುತ್ತಿದ್ದರು, ಅದು ಕಾಲಿಗೆ ಹಿಡಿದು ನಿಲ್ಲುತ್ತಿರಲಿಲ್ಲ. ಈಗಿನದು ಹೆಣೆದದ್ದು, ಒಳ್ಳೆ ಹೋಸ್ ಅರ್ಧ ಕೆಲಸ ತಾನೇ ಮಾಡುತ್ತದೆ. ಗಾರ್ಟರ್ ಸುಮ್ನೆ ಆತುಕೊಂಡಿದ್ದರೆ ಸಾಕು. ಮಗುವಿಗೆ ಉಡಿದಾರ ಕಟ್ಟುವಾಗ ನಮ್ಮ ಅಜ್ಜಿಯರು ಬೆರಳು ತೂರಿಸಿ ನೋಡುತ್ತಿದ್ದರು ಅಲ್ವಾ, ಹಾಗೆ. ಇಲ್ಲಿ ಎರಡು ಬೆರಳು ಆರಾಮಾಗಿ ತೂರಬೇಕು, ಅದೂ ಕೂತಾಗ, ಮಂಡಿ ಮಡಚಿದಾಗ.

ಈಗ ನಾನು ಹೊಲಿದುಕೊಂಡಿರುವುದು ಹೀಗಿದೆ. ಅಳತೆಯನ್ನು ಹೋಸ್ ಹಾಕಿಕೊಂಡು, ಅದರ ಮೇಲೆಯೇ, ಸಂಜೆ ಹೊತ್ತು ತೆಗೆದೆ. ದಿನವಿಡೀ ನಿಂತರೆ ಕಾಲು ಸ್ವಲ್ಪ ಊದಿರುತ್ತದೆ. 38 ಬಂತು. ಎಲಾಸ್ಟಿಕ್ ಒಂದೇ ಪದರ, ಕೊಕ್ಕೆ ಹಾಕಿದಾಗ 36 ಇರುತ್ತದೆ, ಬೇಕೆಂದರೆ ಇನ್ನೂ ಸಡಿಲ ಮಾಡಬಹುದು. ಕೊಕ್ಕೆ ಒಳಮಗ್ಗುಲಿಗಿದೆ, ಹೊರಮಗ್ಗುಲಲ್ಲಿ ಮೆತ್ತನೆ ಬಟ್ಟೆ ಬಿಟ್ಟು ಏನೂ ಇಲ್ಲ. ಫ್ಲ್ಯಾಷ್ ಹಿಂದೆ ಒಂದು ಕುಣಿಕೆ ಹೊಲಿದು ಎಲಾಸ್ಟಿಕ್ಕಿಗೆ ಪೋಣಿಸಿದ್ದೇನೆ, ಹಿಂದೆ ಮುಂದೆ ಸರಿಯುತ್ತದೆ. ವೆಲ್ಕ್ರೋ ಬೇಡ ಅನ್ನುವುದು ನನ್ನ ಅಭಿಪ್ರಾಯ, ಅದರ ಮುಳ್ಳುಗಳು ಉಣ್ಣೆಯ ಎಳೆ ಕೀಳುತ್ತವೆ. ಪಟ್ಟಿಯನ್ನು ಆ ಮೂಳೆ ಗುಬ್ಬಿಯಿಂದ ಪೂರ್ತಿ ಕೆಳಗೆ ಇಳಿಸಿ ಕಟ್ಟುತ್ತೇನೆ. ಹೋಸ್ ಒಂದೆರಡು ಬೆರಳು ಕೆಳಗೆ ನಿಂತರೆ ಯಾರೂ ಗಮನಿಸುವುದಿಲ್ಲ. ಹೊಲಿಯುವ ತಾಪತ್ರಯವೇ ಬೇಡ ಅನ್ನುವವರು ಉಣ್ಣೆ ಲಾಡಿ ಕಟ್ಟಿಕೊಳ್ಳಿ. ಬಿಗಿಯಾದರೆ ಬಿಚ್ಚಿ ಮತ್ತೆ ಕಟ್ಟಬಹುದು.

ಮನೆಯಲ್ಲಿ ಒಂದು ಗಂಟೆ ಹಾಕಿ ಓಡಾಡಿ, ಬಿಚ್ಚಿ ನೋಡಿ. ಆಳವಾದ ಗೆರೆ ಹಾಗೇ ಉಳಿದರೆ ಇನ್ನೂ ಸಡಿಲ ಬೇಕು. ಸಮಾರಂಭದಲ್ಲಿ ಪಾದ ಜೋಮು ಹಿಡಿದರೆ ಶೂ ಮುಟ್ಟುವ ಮೊದಲು ಗಾರ್ಟರ್ ಬಿಚ್ಚಿ. ಬಿಚ್ಚಿದ ಮೇಲೂ ಪಾದ ಎತ್ತಲು ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಜಾಸ್ತಿ ಜಾಗ್ರತೆ ವಹಿಸಿ, ಅವರ ನರಗಳಿಗೆ ಬೇಗ ಪೆಟ್ಟು ಬೀಳುತ್ತದೆ.

ಈ ಕೊನೆಯ ಮಾತಿಗೆ ಕಾರಣ ಇದೆ. ಹಬ್ಬದ ವಾರ ಅದೇ ಅಳತೆಯಲ್ಲಿ ಇನ್ನೂ ಎರಡು ಜೊತೆ ಹೊಲಿದು ಕೊಟ್ಟಿದ್ದೆ. ಒಂದು ಜೊತೆ ಪಡೆದ ಹಿರಿಯರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಆಸ್ಪತ್ರೆಯಿಂದ ಬಂದ ದಿನವೇ ಅವರಿಗೆ ಫೋನ್ ಮಾಡಿದೆ, ಪುಣ್ಯಕ್ಕೆ ಇನ್ನೂ ಹಾಕಿರಲಿಲ್ಲ. ಇನ್ನೊಂದು ಜೊತೆಯನ್ನು ಊಟದ ಸಾಲಿನಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗನಿಗೆ ಕೊಟ್ಟೆ. ಮಗನ ಶಾಲೆಯ ಕಾರ್ಯಕ್ರಮಕ್ಕೆ ಬೇಕು ಅಂದಿದ್ದ, ಹೆಸರು ಕೇಳಲಿಲ್ಲ. ತಮ್ಮಾ, ಇದನ್ನು ಓದುತ್ತಿದ್ದರೆ ಆ ಎಲಾಸ್ಟಿಕ್ ಕತ್ತರಿಸಿ ಬಿಸಾಡು. ಮಗುವಿನ ಕಾಲಿನ ಅಳತೆ ಕಳಿಸು, ನಾನೇ ಹೊಸದು ಹೊಲಿದು ತಂದುಕೊಡುತ್ತೇನೆ.