ಎಂ.ಎಸ್.ಎ. ರೋಗಿಗಳ ಮನೆಯವರೇ, ‘ಸ್ಟೆಮ್ ಸೆಲ್ ಪ್ಯಾಕೇಜ್’ಗೆ ಹಣ ಕಟ್ಟುವ ಮುನ್ನ ಇದನ್ನು ಓದಿ

ತಂದೆಯ ಎಂ.ಎಸ್.ಎ. ಎಂಬ ನರರೋಗಕ್ಕೆ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚಿಕಿತ್ಸೆ ಎಂದು ನಂಬಿ ಎರಡು ಕಂತುಗಳಲ್ಲಿ ಒಟ್ಟು 6,40,000 ರೂಪಾಯಿ ಕಟ್ಟಿದ್ದೇನೆ. ಮೊದಲನೆಯ ಕಂತನ್ನು ಆಸೆಯಿಂದ ಕಟ್ಟಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಲ್ಲೆ. ಎರಡನೆಯದಕ್ಕೆ ಆ ಸಮಾಧಾನವೂ ಇಲ್ಲ. ಸಹಕಾರ ಸಂಘಗಳ ಲೆಕ್ಕಪತ್ರ ಪರಿಶೀಲಿಸುವುದೇ ನನ್ನ ಉದ್ಯೋಗ, ಬೇರೆಯವರ ರಸೀದಿಯಲ್ಲಿ ದಿನಾಂಕ ತಿದ್ದಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ. ಅಂಥ ನಾನೇ ಬೆಂಗಳೂರಿನ ಒಂದು ಖಾಸಗಿ ಕೇಂದ್ರದಲ್ಲಿ ಮೋಸ ಹೋದೆ ಎಂದು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನಮ್ಮ ತಂದೆಗೆ 64 ವರ್ಷ, ಅಂಚೆ ಇಲಾಖೆಯಿಂದ ನಿವೃತ್ತರಾದವರು. ಮೂತ್ರ ಕಟ್ಟುತ್ತದೆ ಎಂದು ದಾವಣಗೆರೆಯಲ್ಲಿ ಎರಡು ವರ್ಷ ಪ್ರಾಸ್ಟೇಟ್‌ಗೆ ಮಾತ್ರೆ ನುಂಗಿದರು. ನಿದ್ದೆಯಲ್ಲಿ ಕೂಗುತ್ತಾ ಕೈಕಾಲು ಬೀಸುತ್ತಿದ್ದುದನ್ನು ನಾವು ಕೆಟ್ಟ ಕನಸು ಎಂದುಕೊಂಡೆವು. ನಡಿಗೆ ಕುಂಟುತ್ತಾ ನಿಧಾನವಾದಾಗ ಪಾರ್ಕಿನ್ಸನ್ ಎಂದರು, ಆದರೆ ಅದಕ್ಕೆ ಕೊಡುವ ಲೆವೊಡೋಪಾ ಮಾತ್ರೆಯ ಪ್ರಮಾಣ ಏರಿಸಿದಷ್ಟೂ ತಲೆಸುತ್ತು ಹೆಚ್ಚಿತೇ ಹೊರತು ಗುಣವಾಗಲಿಲ್ಲ. ಕೊನೆಗೆ ನಿಮ್ಹಾನ್ಸ್‌ನಲ್ಲಿ ಎಂ.ಆರ್.ಐ. ನೋಡಿ ‘ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ’, ಅಂದರೆ ಎಂ.ಎಸ್.ಎ. ಎಂದು ಹೇಳಿದರು. ಲಕ್ಷಕ್ಕೆ ನಾಲ್ಕೈದು ಮಂದಿಗಷ್ಟೇ ಬರುವ ಕಾಯಿಲೆ. ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನು ನರತಂತುಗಳಿಗೆ ಹೊದಿಕೆ ಕಟ್ಟುವ ಕೋಶಗಳಲ್ಲಿ ಗಂಟುಗಟ್ಟಿ, ನಡಿಗೆಯ ಜೊತೆಗೆ ರಕ್ತದೊತ್ತಡ, ಮೂತ್ರ, ಬೆವರು, ಉಸಿರಾಟ ಎಲ್ಲದರ ಹತೋಟಿಯೂ ಒಂದೊಂದಾಗಿ ತಪ್ಪುತ್ತದೆ. ಇದರ ಓಟವನ್ನು ತಡೆಯುವ ಔಷಧ ಇಲ್ಲ ಎಂದು ಅಲ್ಲಿನ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ನಾನು ಕೇಳಿಸಿಕೊಂಡೆ, ಒಪ್ಪಿಕೊಳ್ಳಲಿಲ್ಲ.

ಮನೆಯಲ್ಲಿ ನಮ್ಮ ದೊಡ್ಡ ಹೋರಾಟವೆಲ್ಲ ಬಿ.ಪಿ.ಯ ಜೊತೆಗೆ. ಮಲಗಿದಾಗ 160 ಇರುವುದು ಎದ್ದು ನಿಂತ ಮೂರು ನಿಮಿಷದೊಳಗೆ 90ಕ್ಕೆ ಇಳಿದು ತಂದೆ ಕುಸಿಯುತ್ತಾರೆ. ಅಮ್ಮ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ದಿನಕ್ಕೆರಡು ಸಲ ‘ಮಲಗಿ’, ‘ನಿಂತು’ ಎಂದು ಎರಡು ಸಾಲು ಬರೆದಿಡುತ್ತಾರೆ. ಆ ಪುಸ್ತಕವನ್ನು ಕೇಂದ್ರಕ್ಕೂ ತಂದಿದ್ದರು. ಅಲ್ಲಿ ಯಾರೂ ಅದನ್ನು ಬಿಡಿಸಿ ನೋಡಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಒಂದೇ ಸಲ ಬಿ.ಪಿ. ನೋಡಿ ‘ನಾರ್ಮಲ್’ ಎಂದು ಬರೆದುಕೊಂಡರು. ಆಗಲೇ ಎದ್ದು ಬರಬೇಕಿತ್ತು.

ಮೊದಲ ದಿನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು, ಮರುದಿನ ಅದರ ಸ್ಟೆಮ್ ಸೆಲ್ ಎಂದು ಬೆನ್ನಿಗೆ ಚುಚ್ಚಿದರು. ಸಂಜೆ ನಾಲ್ಕರ ಹೊತ್ತಿಗೆ ಅಲ್ಲಿನ ಕೋ-ಆರ್ಡಿನೇಟರ್ ಮೊಬೈಲ್ ಹಿಡಿದುಕೊಂಡು ಬಂದು, ತಂದೆಯನ್ನು ಎಬ್ಬಿಸಿ ‘ನಡೆಯಿರಿ ಅಂಕಲ್’ ಎಂದ. ತಂದೆ ನಡೆದರು. ಗೋಡೆ ಹಿಡಿಯದೆ, ನನ್ನ ಭುಜ ಹಿಡಿಯದೆ, ಮಂಚದಿಂದ ಕಾರಿಡಾರಿನ ಕೊನೆಯ ಕಿಟಕಿಯವರೆಗೆ ನಡೆದು ಹೋಗಿ ತಿರುಗಿ ನಿಂತು ನಕ್ಕರು. ಎಷ್ಟೋ ತಿಂಗಳಿನಿಂದ ಹಾಗೆ ನಡೆದವರೇ ಅಲ್ಲ. ‘ನೋಡಿ ಸರ್, ಸೆಲ್ಸ್ ಕೆಲಸ ಶುರು ಮಾಡಿವೆ’ ಎಂದು ಆತ ಹೇಳಿದಾಗ ನನ್ನ ಕಣ್ಣು ತುಂಬಿದ್ದವು, ಮತ್ತು ಅದೇ ಕಾರಿಡಾರಿನಲ್ಲಿ ನಿಂತುಕೊಂಡೇ, ತಂದೆಯ ಅಂಚೆ ಠೇವಣಿಯನ್ನು ಅವಧಿಗೆ ಮುನ್ನ ಮುರಿಸಿ ತಂದಿದ್ದ ಹಣದಲ್ಲಿ ಎರಡನೆಯ ಕಂತಿನ 2,90,000 ರೂಪಾಯಿಯನ್ನು ಮೊಬೈಲಿನಿಂದಲೇ ವರ್ಗಾಯಿಸಿದೆ.

ಮರುದಿನ ಬೆಳಿಗ್ಗೆ ಲಾಡ್ಜಿನ ಬಚ್ಚಲಲ್ಲಿ ತಂದೆ ಬಿದ್ದರು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ.

ಹಳೆಯ ನರರೋಗ ವೈದ್ಯರ ಬಳಿ ಹೋಗಿ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ‘ಸಲೈನ್ ಎಷ್ಟು ಬಾಟಲಿ ಹಾಕಿದ್ದರು?’ ಎಂದು ಮಾತ್ರ ಕೇಳಿದರು. ಬಿಲ್ಲಿನಲ್ಲಿಯೇ ಇತ್ತು, ಎರಡು ಬಾಟಲಿ, ಒಂದು ಲೀಟರ್. ರಕ್ತನಾಳದಲ್ಲಿ ನೀರು, ಉಪ್ಪು ತುಂಬಿದರೆ ನಿಂತಾಗ ಬಿ.ಪಿ. ಅಷ್ಟು ಬೇಗ ಇಳಿಯುವುದಿಲ್ಲ, ಕೆಲವು ಗಂಟೆ ಕಾಲಿಗೆ ಬಲ ಬಂದಂತೆ ಕಾಣುತ್ತದೆ, ಆಮೇಲೆ ಯಥಾಸ್ಥಿತಿ ಎಂದರು. ಎರಡು ಬಾಟಲಿ ಸಲೈನ್! ನಾನು ಕಾರಿಡಾರಿನಲ್ಲಿ ಅತ್ತದ್ದು ಎರಡು ಬಾಟಲಿ ಸಲೈನ್ ನೋಡಿ.

ಕೇಂದ್ರದವರನ್ನು ಕೇಳಿದ್ದಕ್ಕೆ ಬಂದ ಉತ್ತರಗಳನ್ನು ಹಾಗೆಯೇ ಇಡುತ್ತೇನೆ. ಮೊದಲ ವಾರ: ‘ಸೆಲ್ಸ್‌ಗೆ ಟೈಮ್ ಕೊಡಬೇಕು ಸರ್.’ ಮೂರನೆಯ ವಾರ: ‘ಮನೆಯಲ್ಲಿ ಪಾಸಿಟಿವ್ ವಾತಾವರಣ ಇರಬೇಕು ಸರ್.’ ಅಂದರೆ ತಪ್ಪು ನಮ್ಮ ಅಮ್ಮನದು! ಎರಡು ತಿಂಗಳಾದ ಮೇಲೆ: ‘ಬೂಸ್ಟರ್ ಡೋಸ್ ತೆಗೆದುಕೊಂಡರೆ ಶೇಕಡಾ 20 ರಿಯಾಯಿತಿ.’ ಹಣ ವಾಪಸು ಕೇಳಿದಾಗ: ‘ಸಮ್ಮತಿ ಪತ್ರಕ್ಕೆ ನೀವೇ ಸಹಿ ಹಾಕಿದ್ದೀರಿ.’ ಹೌದು, ಹಾಕಿದ್ದೇನೆ. ರಸೀದಿಯಲ್ಲಿ ಸ್ಟೆಮ್ ಸೆಲ್ ಎಂಬ ಪದವೇ ಇಲ್ಲ, ‘ಪುನಶ್ಚೇತನ ಪ್ಯಾಕೇಜ್’ ಎಂದಿದೆ. ಲೆಕ್ಕ ಪರಿಶೀಲಕನಾದ ನಾನು ಅದನ್ನು ಮನೆಗೆ ಬಂದ ಮೇಲೆ ಓದಿದೆ. ಸರ್ಕಾರಿ ನೋಂದಣಿ ಎಂದು ಅವರು ತೋರಿಸಿದ್ದ ಸಿ.ಟಿ.ಆರ್.ಐ. (ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿ) ಸಂಖ್ಯೆಯನ್ನು ಹುಡುಕಿದರೆ ಅದು ಮೊಣಕಾಲಿನ ಸವೆತದ ಕುರಿತಾದ ಪ್ರಯೋಗ. ನಮ್ಮ ತಂದೆಯ ಮೊಣಕಾಲು ಚೆನ್ನಾಗಿಯೇ ಇದೆ.

ಅನುಮೋದಿತ ಪ್ರಯೋಗದ ಹೊರಗೆ ರೋಗಿಗಳಿಗೆ ಹೀಗೆ ಸ್ಟೆಮ್ ಸೆಲ್ ಕೊಡುವುದು ಅನೈತಿಕ, ಅದನ್ನು ವೃತ್ತಿ ದುರಾಚಾರವೆಂದೇ ಪರಿಗಣಿಸಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) 2017ರ ಮಾರ್ಗಸೂಚಿಯಲ್ಲಿಯೇ ಇದೆ. ನಿಜವಾದ ಪ್ರಯೋಗವಾಗಿದ್ದರೆ ರೋಗಿಯಿಂದ ಶುಲ್ಕ ಕೇಳುವುದಿಲ್ಲ. ಹಣ ಕೇಳಿದರೆ ಎದ್ದು ಬನ್ನಿ. ಸಿ.ಟಿ.ಆರ್.ಐ. ಸಂಖ್ಯೆ ಕೊಟ್ಟರೆ ಅಲ್ಲೇ ಕುಳಿತು ಯಾವ ಕಾಯಿಲೆಯದ್ದೆಂದು ಹುಡುಕಿ. ನಿಲ್ಲಿಸಿ ಬಿ.ಪಿ. ನೋಡದವನ ಕೈಗೆ ಎಂ.ಎಸ್.ಎ. ರೋಗಿಯನ್ನು ಕೊಡಬೇಡಿ. ಈಗ ನಮ್ಮ ತಂದೆಗೆ ಮಂಚದ ತಲೆಯ ಕಡೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದೇವೆ, ಏಳುವ ಮುನ್ನ ಎರಡು ಲೋಟ ನೀರು ಕುಡಿಸುತ್ತೇವೆ, ಬಿಗಿ ಕಾಲುಚೀಲ ಹಾಕುತ್ತೇವೆ, ವೈದ್ಯರು ಬರೆದ ಮಾತ್ರೆ ಕೊಡುತ್ತೇವೆ. ಆರು ಲಕ್ಷಕ್ಕೆ ಸಿಗದ ಅನುಕೂಲ ಇದರಲ್ಲಿ ಸಿಕ್ಕಿದೆ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಖಾಸಗಿ ವೈದ್ಯಕೀಯ ಸಂಸ್ಥೆಗಳ ಪ್ರಾಧಿಕಾರಕ್ಕೂ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಟ್ಟಿದ್ದೇನೆ. ಅಂದು ತಂದೆ ನಡೆದಾಗ ಕೋ-ಆರ್ಡಿನೇಟರ್ ಮೊಬೈಲಿನಲ್ಲಿ ಹಿಡಿದ ವೀಡಿಯೊವನ್ನು ಕೇಂದ್ರದ ಜಾಹೀರಾತಿನಿಂದ ತೆಗೆಯಿರಿ ಎಂದು ಕೇಳಿದ್ದಕ್ಕೂ ಸಮ್ಮತಿ ಪತ್ರವನ್ನೇ ತೋರಿಸಿದರು. ನೀಲಿ ಅಂಗಿ ತೊಟ್ಟ ಹಿರಿಯರೊಬ್ಬರು ಕಿಟಕಿಯವರೆಗೆ ನಡೆದು ತಿರುಗಿ ನಗುವ ವೀಡಿಯೊವನ್ನು ಯಾರಾದರೂ ನಿಮಗೆ ತೋರಿಸಿದರೆ, ಅವರ ಎಡಗೈಯ ಹಿಂಬದಿಯನ್ನು ನೋಡಿ. ಅಲ್ಲಿ ಬಿಳಿ ಅಂಟುಪಟ್ಟಿ ಕಾಣುತ್ತದೆ. ಸಲೈನ್ ನಳಿಕೆಯನ್ನು ಕಳಚಿ ಆಗಿನ್ನೂ ಹತ್ತು ನಿಮಿಷವಾಗಿತ್ತು.