ಸ್ಟ್ರಿಪ್, ಥರ್ಮಾಮೀಟರ್, ಸ್ಕ್ಯಾನ್: ಪಿಸಿಓಎಸ್ ಇದ್ದು ಮಗುಗೆ ಟ್ರೈ ಮಾಡ್ತಿದ್ರೆ ಓವ್ಯುಲೇಶನ್ ಪತ್ತೆಗೆ ಯಾವ್ದು ಸರಿ ಹೋಗುತ್ತೆ?

ಪಿಸಿಓಎಸ್ ಅಂದ್ರೆ ಹಾರ್ಮೋನ್ ಏರುಪೇರಾಗಿ ಪೀರಿಯಡ್ಸ್ ಹಿಂದೆಮುಂದೆ ಆಗೋ ಸಮಸ್ಯೆ. ಪೀರಿಯಡ್ಸ್ ಸೈಕಲ್ ಒಂದ್ಸಲ 35 ದಿನ ಇನ್ನೊಂದ್ಸಲ 60 ದಿನ ಆಗೋರು ಆಪ್ ತೋರ್ಸೋ ಓವ್ಯುಲೇಶನ್ (ಅಂಡ ಬಿಡುಗಡೆ) ಡೇಟ್ ನಂಬ್ಕೊಂಡು ಕೂರ್ಬೇಡಿ, ಅದು ಹಳೇ ತಿಂಗಳ ಲೆಕ್ಕದ ಮೇಲೆ ಮಾಡೋ ಊಹೆ ಅಷ್ಟೆ.

ಮೂತ್ರದಲ್ಲಿ ಎಲ್‌ಎಚ್ (ಅಂಡ ಬಿಡುಗಡೆ ಮಾಡ್ಸೋ ಹಾರ್ಮೋನ್) ನೋಡೋ ಸ್ಟ್ರಿಪ್ಪಲ್ಲಿ ಒಳ್ಳೇದೇನಂದ್ರೆ ಮುಂಚೆನೇ ಸೂಚನೆ ಸಿಗುತ್ತೆ, ಎಲ್‌ಎಚ್ ಏರಿದ್ಮೇಲೆ ಸುಮಾರು 24ರಿಂದ 36 ಗಂಟೇಲಿ ಅಂಡ ಬಿಡುಗಡೆ ಆಗುತ್ತೆ. ಆದ್ರೆ ಪಿಸಿಓಎಸ್ ಇರೋ ಎಷ್ಟೋ ಜನಕ್ಕೆ ಎಲ್‌ಎಚ್ ಯಾವಾಗ್ಲೂ ಸ್ವಲ್ಪ ಜಾಸ್ತಿನೇ ಇರುತ್ತೆ, ಹಾಗಾಗಿ ನನಗೆ ಒಂದೇ ಸೈಕಲ್‌ನಲ್ಲಿ ನಾಲ್ಕು ದಿನ ಸ್ಟ್ರಿಪ್ಪಲ್ಲಿ ಗಾಢ ಗೆರೆ (ಎಲ್‌ಎಚ್ ಏರಿದೆ ಅನ್ನೋ ಗುರುತು) ಬಂತು, ಬೆಳಕಿಗೆ ಹಿಡಿದು ಹಿಡಿದು ನೋಡ್ತಿದ್ದೆ, ಕೊನೆಗೆ ಓವ್ಯುಲೇಶನ್ನೇ ಆಗಿರ್ಲಿಲ್ಲ, ಆವತ್ತು ತುಂಬಾ ಅತ್ತಿದ್ದೆ.

ಥರ್ಮಾಮೀಟರ್ ಉಲ್ಟಾ. ಬೆಳಿಗ್ಗೆ ಹಾಸಿಗೆ ಬಿಡೋಕೆ ಮುಂಚೆ ನೋಡಿದ್ರೆ ಓವ್ಯುಲೇಶನ್ ಆದ್ಮೇಲೆ 0.3 ಡಿಗ್ರಿ ಸೆಲ್ಸಿಯಸ್ ಆಸುಪಾಸು ಏರಿ ಅಲ್ಲೇ ನಿಲ್ಲುತ್ತೆ, ಅಂದ್ರೆ ಆಗಿದೆ ಅಂತ ತಿಳಿಯುತ್ತೆ, ಆದ್ರೆ ಆ ತಿಂಗಳಿಗೆ ಟೈಮ್ ಮೀರಿರುತ್ತೆ. ನಿದ್ದೆ ಕೆಟ್ರೆ, ಜ್ವರ ಬಂದ್ರೆ ಲೆಕ್ಕ ತಪ್ಪುತ್ತೆ.

ಫಾಲಿಕಲ್ (ಅಂಡ ಬೆಳೆಯೋ ಚೀಲ) ಸ್ಕ್ಯಾನ್ ಇವೆರಡಕ್ಕಿಂತ ನಂಬಿಕಸ್ತ, ಓಡಾಟ ಮಾತ್ರ ಜಾಸ್ತಿ. ಲೆಟ್ರೊಜೋಲ್ (ಅಂಡ ಬೆಳೆಸೋಕೆ ಕೊಡೋ ಮಾತ್ರೆ) ತಗೊಳ್ತಿದ್ರೆ ನಾನು ಸ್ಕ್ಯಾನೇ ಅಂತೀನಿ, ಎಷ್ಟು ಫಾಲಿಕಲ್ ಬೆಳೀತಿವೆ ಅಂತ ಗೊತ್ತಾಗ್ಬೇಕಲ್ಲ.

ಔಷಧಿ ಇಲ್ದೆ ಟ್ರೈ ಮಾಡೋರು ಸ್ಟ್ರಿಪ್ ಜೊತೆ ಟೆಂಪರೇಚರ್ರೂ ಇಟ್ಕೊಳಿ. ಪ್ರೊಜೆಸ್ಟೆರಾನ್ ಟೆಸ್ಟ್ (ಓವ್ಯುಲೇಶನ್ ಆಯ್ತಾ ಅಂತ ನೋಡೋ ರಕ್ತ ಪರೀಕ್ಷೆ) 21ನೇ ದಿನವೇ ಮಾಡ್ಸಿ ಅಂತ ಯಾರಾದ್ರೂ ಅಂದ್ರೆ ನಿಮ್ಮ ಸೈಕಲ್ ಉದ್ದ ಹೇಳಿ, ಆ 21 ಇರೋದು 28 ದಿನದ ಸೈಕಲ್‌ಗೆ. ಮೂರು ತಿಂಗಳು ಪೀರಿಯಡ್ಸೇ ಬರ್ಲಿಲ್ಲ ಅಂದ್ರೆ ಟ್ರ್ಯಾಕಿಂಗ್ ಬಿಟ್ಟು ಮೊದ್ಲು ಡಾಕ್ಟರ್ ಹತ್ರ ಹೋಗಿ.